ಗೂಡು ಖಾಲಿಯಾದ ಮೇಲೂ ಬಾಗಿಲು ಮುಚ್ಚಿರಲಿ

ಪ್ರಶ್ನೆ: ನಾವು ಬಳ್ಳಾರಿಯಲ್ಲಿದ್ದೇವೆ. ಸ್ವಂತ ಮನೆ, ಸುತ್ತ ಸಣ್ಣ ಕಾಂಪೌಂಡು. ಎರಡು ವರ್ಷದ ಹೆಣ್ಣು ಬೆಕ್ಕಿದೆ, ಹೆಸರು ಚಿನ್ನಿ. ಆಪರೇಷನ್ ಮಾಡಿಸಿಲ್ಲ, ಒಮ್ಮೆ ಮರಿ ಹಾಕಿದೆ. ನಮ್ಮದು ಸಸ್ಯಾಹಾರಿ ಮನೆ. ಅದಕ್ಕೂ ಹಾಲು-ಅನ್ನ, ಮೊಸರನ್ನ, ಆಗಾಗ ಬಿಸ್ಕತ್ತು. ಹೋದ ತಿಂಗಳು ಮಲ್ಲಿಗೆ ಚಪ್ಪರದಲ್ಲಿ ಪಿಕಳಾರ ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಮರಿಗಳು ಗೂಡಿನಿಂದ ಹೊರಗೆ ಬಂದ ದಿನವೇ ಚಿನ್ನಿ ಒಂದನ್ನು ಕಚ್ಚಿಕೊಂಡು ಬಂದು ಅಡುಗೆಮನೆಯಲ್ಲಿ ನನ್ನ ಕಾಲ ಹತ್ತಿರ ಇಟ್ಟಿತು. ಇನ್ನೂ ಜೀವ ಇತ್ತು. ಗಾಯ ಏನೂ ಕಾಣಲಿಲ್ಲ. ಅರಿಶಿನ ಹಚ್ಚಿ ರಟ್ಟಿನ ಡಬ್ಬಿಯಲ್ಲಿಟ್ಟೆ. ಮರುದಿನ ಸತ್ತಿತ್ತು. ಮಗಳು ಎರಡು ದಿನ ಬೆಕ್ಕನ್ನು ಮುಟ್ಟಲಿಲ್ಲ. ಈಗ ಅದೇ ಚಪ್ಪರದಲ್ಲಿ ಮತ್ತೆ ಗೂಡು, ಎರಡು ಮೊಟ್ಟೆ. ವರಾಂಡದ ವೈರಿಗೆ ಸೂರಕ್ಕಿಯೂ ಗೂಡು ನೇತುಹಾಕಿದೆ. ನಮ್ಮ ಯಜಮಾನರು ಬೆಕ್ಕಿಗೆ ಗೆಜ್ಜೆ ತಂದು ಕಟ್ಟಿದ್ದಾರೆ. ಅತ್ತೆ, ‘ಕೂಡಿ ಹಾಕಿದರೆ ಪಾಪ, ಬೇಟೆ ಅದರ ಗುಣ’ ಅನ್ನುತ್ತಾರೆ. ಪಕ್ಕದ ಮನೆಯವರು ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬನ್ನಿ ಅನ್ನುತ್ತಾರೆ. ಮನೆಯೊಳಗೇ ಇಟ್ಟರೆ ಈ ಬಿಸಿಲಿಗೆ ಅದಕ್ಕೆ ಏನಾದರೂ ಆಗುತ್ತದಾ? ಹುಚ್ಚು ಹಿಡಿಯುತ್ತದಾ? ಇಲಿ ಕಾಟವೂ ಇದೆ. ಏನು ಮಾಡಲಿ?

ಉತ್ತರ: ಮೊದಲು ಅವಸರದ ಮಾತು, ಮಿಕ್ಕಿದ್ದು ಆಮೇಲೆ. ಗೂಡಿನಲ್ಲಿ ಮೊಟ್ಟೆ ಇದೆ ಅಂದಿದ್ದೀರಿ. ಇವತ್ತು ಸಂಜೆಯಿಂದಲೇ ಚಿನ್ನಿಯನ್ನು ಒಳಗಿಡಿ. ಜಾಲರಿ, ಡಬ್ಬಿ, ಸಾಮಾನು ಎಲ್ಲ ಹೊಂದಿಸಿಕೊಂಡು ಶುರು ಮಾಡೋಣ ಅಂತ ಕಾಯಬೇಡಿ. ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ಬೊಗಸೆ ಮರಳು ಹಾಕಿ ಬಚ್ಚಲ ಮೂಲೆಯಲ್ಲಿಟ್ಟರೆ ಈ ರಾತ್ರಿಗೆ ಸಾಕು.

ಹಕ್ಕಿ ಸಾಯಬಾರದು, ಬೆಕ್ಕಿಗೆ ಹಿಂಸೆಯೂ ಆಗಬಾರದು. ಎರಡರಲ್ಲಿ ಒಂದನ್ನು ಬಿಡಲೇಬೇಕಾ ಅನ್ನುವುದು ನಿಮ್ಮ ಸಂಕಟ. ಬಿಡಬೇಕಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಈ ಕಡೆ ಎಮ್ಮೆ, ಕುರಿ, ನಾಯಿ, ಬೆಕ್ಕು ನೋಡಿಕೊಂಡೇ ಬಂದ ಪಶುವೈದ್ಯ ನಾನು. ಭಾನುವಾರ ಬಿಡುವಾದರೆ ಬೈನಾಕ್ಯುಲರ್ ಹಾಕಿಕೊಂಡು ಹಕ್ಕಿ ನೋಡಲು ದರೋಜಿ ಕಾಡಿನ ಕಡೆ ಹೊರಡುವವನೂ ಹೌದು. ಹಾಗಾಗಿ ಈ ಜಗಳ ನನ್ನ ಮನೆಯಲ್ಲೇ ನಡೆದು ಹೋಗಿದೆ.

ಅತ್ತೆಯವರ ಮಾತು ಅರ್ಧ ಸರಿ. ಬೇಟೆ ಬೆಕ್ಕಿನ ಗುಣವೇ. ಹೊಟ್ಟೆ ತುಂಬಿದ್ದರೂ ಅದು ಹಿಡಿಯುತ್ತದೆ. ಸಣ್ಣದೇನೋ ಅಲುಗಾಡಿತು ಅಂದರೆ ಕಾಲು ತಾನಾಗಿ ಹೋಗುತ್ತದೆ. ಚಿನ್ನಿ ನಿಮಗೆ ‘ಉಡುಗೊರೆ’ ತಂದಿತು ಅಂತ ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಬೆಕ್ಕು ಹಿಡಿದದ್ದನ್ನು ತನಗೆ ಭಯವಿಲ್ಲದ ಜಾಗಕ್ಕೆ ತರುತ್ತದೆ. ಆ ಜಾಗ ನಿಮ್ಮ ಅಡುಗೆಮನೆ, ಅಷ್ಟೇ. ಆದರೆ ಮನೆಗೆ ಬಂದದ್ದೇ ಲೆಕ್ಕ ಅಂದುಕೊಳ್ಳಬೇಡಿ. ಅಮೆರಿಕದ ಜಾರ್ಜಿಯಾದಲ್ಲಿ ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದರು. ಹಿಡಿದದ್ದರಲ್ಲಿ ಮನೆಗೆ ತಂದದ್ದು ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಕಮ್ಮಿ. ಮಿಕ್ಕಿದ್ದನ್ನು ತಿಂದವು, ಇಲ್ಲವೇ ಅಲ್ಲೇ ಬಿಟ್ಟು ಬಂದವು. ಉಳಿದ ಎರಡು ಪಿಕಳಾರ ಮರಿ ಏನಾದವು ಅಂತ ನೀವು ಬರೆದಿಲ್ಲ.

ಅತ್ತೆಯವರ ಮಾತಿನ ಇನ್ನರ್ಧ ಮಾತ್ರ ನಾನು ಒಪ್ಪುವುದಿಲ್ಲ. ‘ಗುಣ’ ಅಂತ ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಕೇರೆ ಹಾವು, ಕೆಂಬೂತ, ಕಾಗೆ, ಅಳಿಲು ಎಲ್ಲವೂ ಗೂಡಿಗೆ ಬಾಯಿ ಹಾಕುತ್ತವೆ. ಹಕ್ಕಿಗಳು ಕಟ್ಟಿದ ಗೂಡೆಲ್ಲ ಮರಿ ಕಾಣುವುದೂ ಇಲ್ಲ. ಅದಕ್ಕೇ ಪಿಕಳಾರ ಒಂದು ಕೆಟ್ಟರೆ ಇನ್ನೊಂದು ಕಟ್ಟುತ್ತದೆ, ನಿಮ್ಮ ಚಪ್ಪರದಲ್ಲಿ ಆದ ಹಾಗೆ. ಆದರೆ ಕೇರೆ ಹಾವಿಗೆ ಬೇಟೆ ಕಮ್ಮಿಯಾದರೆ ಅದು ಆ ಜಾಗ ಬಿಡುತ್ತದೆ, ಇಲ್ಲ ಸಾಯುತ್ತದೆ. ಬೆಕ್ಕಿಗೆ ಹಾಗಿಲ್ಲ. ಹಕ್ಕಿ ಎಲ್ಲ ಖಾಲಿಯಾದರೂ ಅದರ ಬಟ್ಟಲಿಗೆ ನೀವು ಅನ್ನ ಹಾಕುತ್ತೀರಿ. ಒಂದು ಬೀದಿಗೆ ಹತ್ತು ಬೆಕ್ಕು ಬದುಕುವುದು ನಾವು ಹಾಕುವ ಅನ್ನದಿಂದ. ಕಾಡು ಅಷ್ಟನ್ನು ಸಾಕುತ್ತಿರಲಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳು ಬೆಕ್ಕಿನ ಬಾಯಿಗೆ ಹೋಗುತ್ತವೆ ಅಂತ 2013ರಲ್ಲಿ ಒಂದು ಅಂದಾಜು ಬಂತು. ಅದನ್ನು ಎತ್ತಿ ತಂದು ನಮ್ಮ ಬೀದಿಗೆ ಹಚ್ಚುವುದು ತಪ್ಪು. ಅಲ್ಲಿಯೂ ಅದರಲ್ಲಿ ಜಾಸ್ತಿ ಪಾಲು ಮನೆಯಿಲ್ಲದ ಬೆಕ್ಕುಗಳದ್ದು. ನಿಮಗೆ ಬೇಕಾದ ಲೆಕ್ಕ ಅಷ್ಟು ದೊಡ್ಡದಲ್ಲ. ಒಂದು ಚಪ್ಪರ, ಎರಡು ಮೊಟ್ಟೆ, ಐದು ವಾರ.

ಐದು ವಾರ ಯಾಕೆ ಅಂದರೆ, ಪಿಕಳಾರದ ಮೊಟ್ಟೆ ಒಡೆಯಲು ಸುಮಾರು 14 ದಿನ. ಮರಿ ಗೂಡಿನಲ್ಲಿರುವುದು 12 ದಿನದ ಆಚೀಚೆ. ಇಲ್ಲಿಗೆ ಎಲ್ಲರೂ ಲೆಕ್ಕ ನಿಲ್ಲಿಸುತ್ತಾರೆ. ಗೂಡು ಖಾಲಿ, ಮರಿ ಹಾರಿಹೋಯಿತು, ಇನ್ನು ಬಾಗಿಲು ತೆಗೆಯೋಣ ಅಂತ. ಮರಿ ಹಾರಿರುವುದಿಲ್ಲ. ಗೂಡು ಬಿಟ್ಟಿರುತ್ತದೆ ಅಷ್ಟೇ. ಮೋಟು ಬಾಲ, ಅರ್ಧ ಬೆಳೆದ ರೆಕ್ಕೆ. ಗಿಡದ ಬುಡದಲ್ಲಿ, ಪಾಟಿನ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ ಕೂತು ‘ಚಿಂವ್’ ಅನ್ನುತ್ತಿರುತ್ತದೆ. ತಾಯಿ-ತಂದೆ ಅಲ್ಲಿಗೇ ಬಂದು ಹುಳ ಕೊಡುತ್ತವೆ. ಚೆನ್ನಾಗಿ ಹಾರಲು ಇನ್ನೂ ಹಲವು ದಿನ ಬೇಕು. ಚಿನ್ನಿ ಹಿಡಿದದ್ದು ಆ ದಿನವೇ ಅಲ್ವಾ? ಗೂಡು ಹೆಗಲೆತ್ತರದ ಮುಳ್ಳು-ಬಳ್ಳಿ ನಡುವೆ ಇದ್ದಾಗ ಬೆಕ್ಕಿಗೆ ಅಷ್ಟು ಸುಲಭವಲ್ಲ. ಮರಿ ನೆಲಕ್ಕೆ ಬಂದಾಗ ಅದಕ್ಕೆ ಹಬ್ಬ. ನನ್ನ ಅನುಭವದಲ್ಲಿ ಬೆಕ್ಕು ಕಚ್ಚಿದ ಹಕ್ಕಿ ಅಂತ ಕ್ಲಿನಿಕ್ಕಿಗೆ ಬರುವುದರಲ್ಲಿ ಮುಕ್ಕಾಲು ಪಾಲು ಇಂಥ ಮೋಟು ಬಾಲದವೇ. ಅದಕ್ಕೇ ಗೂಡು ಖಾಲಿಯಾದ ದಿನದಿಂದ ಇನ್ನೂ ಒಂದು ವಾರ ಕಣ್ಣು ಮುಚ್ಚಿ ಬಾಗಿಲು ಹಾಕಿಡಿ. ಸೂರಕ್ಕಿಯದ್ದು ಇನ್ನೂ ಸ್ವಲ್ಪ ನಿಧಾನ. ಮೊಟ್ಟೆಗೆ ಎರಡು ವಾರದ ಮೇಲೆ, ಗೂಡಿನೊಳಗೆ ಮರಿಗೆ ಮತ್ತೆ ಎರಡು ವಾರದ ಮೇಲೆ.

ಗೆಜ್ಜೆ ವಿಷಯಕ್ಕೆ ಬರೋಣ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಇಲಿಗಳು ಚಿಂತೆ ಮಾಡಿದ್ದವಲ್ಲ, ನಿಮ್ಮ ಯಜಮಾನರು ಆ ಕೆಲಸ ಮಾಡಿಯೇ ಬಿಟ್ಟಿದ್ದಾರೆ. ಅವರ ಕಾಳಜಿಗೆ ನಮಸ್ಕಾರ. ಆದರೆ ಗೆಜ್ಜೆಯ ಸದ್ದು ಕೇಳಿ ಹಾರಿಹೋಗಬೇಕಾದರೆ ಮೊದಲು ಹಾರಲು ಬರಬೇಕು. ಮೊಟ್ಟೆಗೂ ಮೋಟು ಬಾಲದ ಮರಿಗೂ ಅದು ಬರುವುದಿಲ್ಲ. ದೊಡ್ಡ ಹಕ್ಕಿಗಾದರೂ ಉಪಯೋಗವಿದೆಯಾ ಅಂದರೆ, ಅದೂ ಅಷ್ಟಕ್ಕಷ್ಟೇ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳ ಮೇಲೆ ಒಂದು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು. ಗೆಜ್ಜೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಳೆಯ ಕೆಲವು ಅಧ್ಯಯನಗಳಲ್ಲಿ ಅಷ್ಟಿಷ್ಟು ಕಂಡದ್ದೂ ಉಂಟು. ಗಾಢ ಬಣ್ಣದ ಬಟ್ಟೆಯ ಕೊರಳಪಟ್ಟಿ ಹಾಕಿದ ಬೆಕ್ಕುಗಳು ಮಾತ್ರ ಮನೆಗೆ ತಂದ ಹಕ್ಕಿಗಳು 42% ಕಮ್ಮಿಯಾದವು. ಹಕ್ಕಿಗೆ ಬಣ್ಣ ಬೇಗ ಕಾಣುತ್ತದೆ. ಅಲ್ಲಿಯೂ ಅದೇ ತಕರಾರು: ಮರಿ ಕಂಡರೂ ಓಡಲಾರದು. ಪಟ್ಟಿ ಕಟ್ಟುವುದೇ ಆದರೆ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕ್ಲಿಪ್ಪಿನದು ಕಟ್ಟಿ. ಗಟ್ಟಿ ಗಂಟು ಹಾಕಿದ ದಾರ ಕಾಂಪೌಂಡಿನ ಕಂಬಿಗೆ ಸಿಕ್ಕಿ ಬೆಕ್ಕಿನ ಕುತ್ತಿಗೆ ಬಿಗಿದದ್ದನ್ನು ನೋಡಿದ್ದೇನೆ.

ಆ ಅಧ್ಯಯನದ ಇನ್ನೊಂದು ಮಾತು ನಿಮ್ಮ ಮನೆಗೆ ನೇರವಾಗಿ ಸಂಬಂಧಪಟ್ಟದ್ದು. ಧಾನ್ಯ ಇಲ್ಲದೆ, ಮಾಂಸದ ಪ್ರೊಟೀನ್ ಜಾಸ್ತಿ ಇರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ ಐದು-ಹತ್ತು ನಿಮಿಷ ಅವುಗಳ ಜೊತೆ ಆಟ ಆಡಿದಾಗ 25% ಇಳಿಯಿತು. ಈಗ ಚಿನ್ನಿಯ ಬಟ್ಟಲು ನೋಡಿ. ಹಾಲು-ಅನ್ನ, ಮೊಸರನ್ನ, ಬಿಸ್ಕತ್ತು. ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ್ದು ಸಿಗುವುದಿಲ್ಲ. ಬೆಕ್ಕು ನಾಯಿಯ ಹಾಗಲ್ಲ. ಅದಕ್ಕೆ ಮಾಂಸ ಇಲ್ಲದೆ ಆಗದು. ಟಾರಿನ್ ಅನ್ನುವ ಒಂದು ಅಂಶ ಅದಕ್ಕೆ ಆಹಾರದಿಂದಲೇ ಬರಬೇಕು. ಅದು ಸಿಗುವುದು ಮಾಂಸ-ಮೀನಿನಲ್ಲಿ. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣು ಮಂದವಾಗುತ್ತದೆ, ಹೃದಯ ಸೋಲುತ್ತದೆ. ಹಾಲಿನ ಮೇಲೆ ಬದುಕುವ ಸಸ್ಯಾಹಾರಿ ಮನೆಯ ಬೆಕ್ಕುಗಳು ಗಟ್ಟಿಮುಟ್ಟಾಗಿರುವುದು ಹೇಗೆ ಅಂತ ಜನ ನನ್ನನ್ನು ಕೇಳುತ್ತಾರೆ. ಹೇಗೆಂದರೆ, ಮಿಕ್ಕಿದ್ದನ್ನು ಅವು ಹೊರಗೆ ಹೊಂದಿಸಿಕೊಳ್ಳುತ್ತವೆ. ಹಲ್ಲಿ, ಇಲಿ, ಪಿಕಳಾರ. ಅಂದರೆ ನಿಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲ, ಆದರೆ ಅದರ ಲೆಕ್ಕ ನಿಮ್ಮ ಮಲ್ಲಿಗೆ ಚಪ್ಪರದ ಖಾತೆಯಲ್ಲಿದೆ.

ಇದನ್ನು ದೂರಲು ಹೇಳುತ್ತಿಲ್ಲ. ಮನೆಯಲ್ಲಿ ಮಾಂಸ ಬೇಡ ಅಂದರೆ ಬೇಡ. ಅಂಗಡಿಯಲ್ಲಿ ಬೆಕ್ಕಿನದೇ ಒಣ ಆಹಾರ ಸಿಗುತ್ತದೆ, ಟಾರಿನ್ ಸೇರಿಸಿಯೇ ಮಾಡಿರುತ್ತಾರೆ. ಪ್ಯಾಕೆಟ್ ಒಡೆದು ಬಟ್ಟಲಿಗೆ ಸುರಿದರೆ ಆಯಿತು, ಅಡುಗೆಮನೆ ಮುಟ್ಟುವುದೇ ಬೇಡ. ಹೊರಬಾಗಿಲ ಬಳಿ ಒಂದು ಮೂಲೆ ಅದಕ್ಕೆ ಮಾಡಿಕೊಡಿ ಅಂದರೆ ಬಹಳ ಮನೆಗಳಲ್ಲಿ ಅಜ್ಜಿಯರು ಒಪ್ಪಿದ್ದಾರೆ. ನಾಯಿಯ ಆಹಾರ ತಂದು ಹಾಕಬೇಡಿ, ಅದು ಬೆಕ್ಕಿಗೆ ಸಾಲದು. ಒಳಗಿಟ್ಟು ಹಾಲು-ಅನ್ನವನ್ನೇ ಮುಂದುವರಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆ ಹೊಂದಿಸಿಕೊಳ್ಳುವ ದಾರಿಯನ್ನೂ ಮುಚ್ಚಿದಿರಿ, ಒಳಗೂ ಕೊಡಲಿಲ್ಲ ಅಂದರೆ ಅದು ನಿಜವಾಗಿ ಪಾಪ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿ ಶುರುವಾಗುತ್ತದೆ. ಕುಡಿಯಲು ನೀರು ಕೊಡಿ, ಸಾಕು. ಬದಲಾವಣೆ ಒಂದೇ ದಿನ ಬೇಡ. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ.

‘ಹುಚ್ಚು ಹಿಡಿಯುತ್ತದಾ’ ಅಂತ ಕೇಳಿದ್ದೀರಿ. ಮೊದಲ ವಾರ ನಿಮಗೇ ಹಿಡಿದ ಹಾಗಾಗುತ್ತದೆ. ಬೆಳಗಿನ ಜಾವ ಬಾಗಿಲು ಕೆರೆಯುತ್ತದೆ, ಕೂಗುತ್ತದೆ. ಆಗ ಒಮ್ಮೆ ಬಾಗಿಲು ತೆಗೆದಿರೋ, ಕೂಗಿದರೆ ಕೆಲಸವಾಗುತ್ತದೆ ಅಂತ ಕಲಿತುಬಿಡುತ್ತದೆ. ಹತ್ತು ದಿನ ತಡೆದರೆ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ವರ್ಷ ಹೊರಗೆ ತಿರುಗಿದ ಬೆಕ್ಕು ಎಂಟು ತಿಂಗಳ ಮರಿಯಷ್ಟು ಬೇಗ ಒಪ್ಪುವುದಿಲ್ಲ, ನಿಜ. ಕೆಲವು ಬೆಕ್ಕುಗಳು ತಿಂಗಳಾದರೂ ಮುನಿಸಿಕೊಂಡೇ ಇರುತ್ತವೆ. ಮೂಲೆಮೂಲೆಯಲ್ಲಿ ಉಚ್ಚೆ ಹೊಯ್ಯುವುದು, ಮೈಯ ಕೂದಲು ನೆಕ್ಕಿ ನೆಕ್ಕಿ ಬೋಳು ಮಾಡಿಕೊಳ್ಳುವುದು ಶುರುವಾದರೆ ಅದು ಹಟವಲ್ಲ, ಸಂಕಟ. ಆಗ ವೈದ್ಯರಿಗೆ ತೋರಿಸಿ.

ಬೇಸರಕ್ಕೆ ಮದ್ದು ಬೇಟೆಯ ಆಟ. ನಿಮ್ಮ ಊರಿನಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಬರವಿಲ್ಲ. ಕಟಿಂಗ್ ತುಂಡು ಕೇಳಿದರೆ ಚೀಲ ತುಂಬ ಕೊಡುತ್ತಾರೆ. ಗಟ್ಟಿ ಪಟ್ಟಿಯೊಂದನ್ನು ಕೋಲಿನ ತುದಿಗೆ ಕಟ್ಟಿ ನೆಲದ ಮೇಲೆ ಎಳೆಯಿರಿ. ಅವಿತುಕೊಂಡು, ಹಿಂಬದಿ ಅಲ್ಲಾಡಿಸಿ, ನೆಗೆದು ಹಿಡಿಯಲಿ. ಕೊನೆಗೆ ಹಿಡಿಯಲು ಬಿಡಿ, ಕೂಡಲೇ ಊಟ ಹಾಕಿ. ಇದನ್ನು ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ಮಾಡಿ. ಬೆಕ್ಕಿನ ಮೈ ಚುರುಕಾಗುವುದು ಆ ಎರಡು ಹೊತ್ತಿನಲ್ಲಿ, ಹಕ್ಕಿ ನೆಲಕ್ಕಿಳಿಯುವುದೂ ಆಗಲೇ. ನಿಮ್ಮ ಮಗಳಿಗೆ ಈ ಕೆಲಸ ಕೊಡಿ. ಅವಳಿಗೂ ಬೆಕ್ಕಿಗೂ ರಾಜಿಯಾಗಲಿ. ಅದೇ ಜೀನ್ಸ್ ತುಂಡನ್ನು ಒಂದು ಮರದ ತುಂಡಿಗೆ ಬಿಗಿದು ಸುತ್ತಿದರೆ ಉಗುರು ಕೆರೆಯಲು ಕಂಬವಾಯಿತು. ಆದರೆ ಬಿಚ್ಚಿದ ನೂಲು, ದಾರ ಮಾತ್ರ ಸುತ್ತಮುತ್ತ ಬಿಡಬೇಡಿ. ಬೆಕ್ಕು ದಾರ ನುಂಗಿದರೆ ಕರುಳು ಸುಕ್ಕುಗಟ್ಟಿ ಹರಿಯುತ್ತದೆ. ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ಉಗುರನ್ನೇ ತೆಗೆಸಿಬಿಡೋಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಉಗುರು ಕತ್ತರಿಸುವುದಲ್ಲ, ಬೆರಳಿನ ತುದಿ ಮೂಳೆಯನ್ನೇ ಕತ್ತರಿಸುವುದು. ನಾನಂತೂ ಮಾಡುವುದಿಲ್ಲ.

ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುವುದು ಹೊಸದಲ್ಲ. ನಮ್ಮ ಕಡೆ ಬೆಕ್ಕು ಒಳಗಿರುವುದು ಅದಕ್ಕೆ ಹಿಂಸೆಯಲ್ಲ, ತಂಪು. ಮಧ್ಯಾಹ್ನ ಹೇಗೂ ಅದು ಎಲ್ಲೋ ನೆರಳಲ್ಲಿ ಬಿದ್ದಿರುತ್ತದೆ. ಎಲ್ಲಿ ಕೂಡಿ ಹಾಕುತ್ತೀರಿ ಅನ್ನುವುದೇ ಮುಖ್ಯ. ತಗಡಿನ ಶೆಡ್ಡು, ಮಹಡಿ ಮೇಲಿನ ನೀರಿನ ಟ್ಯಾಂಕಿನ ರೂಮು ಬೇಡವೇ ಬೇಡ. ಕೆಳಗಿನ ಮನೆಯಲ್ಲಿ, ನೆಲಕ್ಕೆ ಬಂಡೆ ಹಾಸಿದ್ದರೆ ಇನ್ನೂ ಒಳ್ಳೆಯದು, ಎರಡು-ಮೂರು ಕಡೆ ಮಣ್ಣಿನ ಬಟ್ಟಲಲ್ಲಿ ನೀರಿಡಿ. ಒಣ ಆಹಾರ ತಿನ್ನುವ ಬೆಕ್ಕಿಗೆ ನೀರು ಜಾಸ್ತಿಯೇ ಬೇಕು. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುವುದು ಸಾಮಾನ್ಯವಲ್ಲ. ಹಾಗೆ ಕಂಡರೆ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಫ್ಯಾನಿನ ಕೆಳಗಿಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಒಳಗಿರುವ ಬೆಕ್ಕಿಗೆ ನಿಜವಾದ ಅಪಾಯ ಬೇರೆ. ಒಂದು ಬೊಜ್ಜು. ಇನ್ನೊಂದು, ಗಂಡು ಬೆಕ್ಕಾದರೆ ಮೂತ್ರ ಕಟ್ಟುವುದು. ಚಿನ್ನಿ ಹೆಣ್ಣು, ಅದಕ್ಕೆ ಈ ಭಯ ಕಮ್ಮಿ. ಗಂಡು ಬೆಕ್ಕು ಸಾಕಿರುವ ಓದುಗರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ: ಮತ್ತೆ ಮತ್ತೆ ಟಬ್ಬಿನಲ್ಲಿ ಕೂತು ತಿಣುಕುತ್ತದೆ, ಮೂತ್ರ ಬರುವುದಿಲ್ಲ ಅಂದರೆ ಬೆಳಗ್ಗೆ ನೋಡೋಣ ಅನ್ನಬೇಡಿ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

ಟಬ್ಬಿಗೆ ಮರಳೇ ಬೇಕು ಅಂತಿಲ್ಲ. ಸಿರುಗುಪ್ಪ, ಕಂಪ್ಲಿ ಕಡೆ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಬೇಕಾದಷ್ಟು. ಹೊಟ್ಟು ಒಂದನ್ನೇ ಹಾಕಿದರೆ ವಾಸನೆ ನಿಲ್ಲುವುದಿಲ್ಲ. ಅರ್ಧ ಮರಳು ಅಥವಾ ಮರದ ಪುಡಿ ಬೆರೆಸಿದರೆ ಪರವಾಗಿಲ್ಲ. ಒಂದು ಬೆಕ್ಕಿಗೆ ಎರಡು ಟಬ್ಬಿದ್ದರೆ ಉತ್ತಮ. ದಿನವೂ ತೆಗೆಯಬೇಕು. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಅವರು ಆ ಕೆಲಸ ಮಾಡುವುದು ಬೇಡ.

ಇಷ್ಟೆಲ್ಲ ಮಾಡಿದರೂ ಆಪರೇಷನ್ ಆಗದ ಹೆಣ್ಣು ಬೆಕ್ಕನ್ನು ಒಳಗಿಡುವುದು ಬಹಳ ಕಷ್ಟ. ಬೆದೆ ಬಂದಾಗ ರಾತ್ರಿಯೆಲ್ಲ ಕೂಗುತ್ತದೆ. ಗಂಡು ಸಿಗದಿದ್ದರೆ ಎರಡು-ಮೂರು ವಾರಕ್ಕೆ ಮತ್ತೆ ಬೆದೆ. ಹೊರಗೆ ಬಿಟ್ಟರೆ ಎರಡು ತಿಂಗಳಿಗೆ ಮೂರು-ನಾಲ್ಕು ಮರಿ. ಆ ಮರಿಗಳಿಗೆ ಎಲ್ಲಿ ಮನೆ ಹುಡುಕುತ್ತೀರಿ? ಅವೂ ಬೀದಿಗೆ, ಬೀದಿಯಿಂದ ಗೂಡಿಗೆ. ಹಕ್ಕಿ ಉಳಿಸಲು ನೀವು ಮಾಡಬಹುದಾದ ಒಂದೇ ಕೆಲಸ ಹೇಳಿ ಅಂದರೆ ನಾನು ಆಪರೇಷನ್ ಅನ್ನುತ್ತೇನೆ. ಅದರಿಂದ ಬೇಟೆಯ ಗುಣ ಹೋಗುವುದಿಲ್ಲ, ತಪ್ಪು ತಿಳಿಯಬೇಡಿ. ಅಲೆದಾಟ ಇಳಿಯುತ್ತದೆ, ಬೆಕ್ಕುಗಳ ಸಂಖ್ಯೆ ನಿಲ್ಲುತ್ತದೆ. ಇನ್ನೊಂದು ಅನುಕೂಲ ಜನರಿಗೆ ಹೊಳೆಯುವುದಿಲ್ಲ. ಹೊಲಿಗೆ ಮಾಯಲು ಹತ್ತು-ಹದಿನಾಲ್ಕು ದಿನ ಹೇಗೂ ಒಳಗಿಡಲೇಬೇಕು. ಒಳಗಿರುವ ಅಭ್ಯಾಸಕ್ಕೆ ಅದೇ ಶುರು. ‘ಕೂಡಿ ಹಾಕಿದೆ’ ಅಂತ ಅತ್ತೆಯವರೂ ಅನ್ನುವುದಿಲ್ಲ, ಬಾಣಂತನದ ಹಾಗೆ ನೋಡಿಕೊಳ್ಳುತ್ತಾರೆ. ಈಗ ಬಸುರಿದ್ದರೆ ಏನು ಮಾಡುವುದು ಅನ್ನುವುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ರೇಬಿಸ್ ಲಸಿಕೆ ಆಗಿಲ್ಲದಿದ್ದರೆ ಅದೇ ಭೇಟಿಯಲ್ಲಿ ಮಾಡಿಸಿ. ಒಳಗಿರುವ ಬೆಕ್ಕಿಗೂ ಬೇಕು.

ಗೋಣಿಚೀಲದ ಸಲಹೆ ಕೊಟ್ಟವರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿರಲಿ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು ಅನ್ನುವ ನಮ್ಮ ಜನ, ಚೀಲದಲ್ಲಿ ಹಾಕಿ ಬಿಟ್ಟು ಬರುವುದಕ್ಕೆ ಯಾವ ಪ್ರಾಯಶ್ಚಿತ್ತವನ್ನೂ ಇಟ್ಟುಕೊಂಡಿಲ್ಲ ನೋಡಿ. ಬಿಟ್ಟು ಬರುವುದಾದರೂ ಎಲ್ಲಿಗೆ? ಊರ ಹೊರಗಿನ ಗುಡ್ಡದ ಬುಡಕ್ಕೆ, ಕಾಡಿನ ಅಂಚಿಗೆ. ದರೋಜಿಯ ಸುತ್ತಲಿನ ಕುರುಚಲು ಕಾಡು ಕರಡಿಗೆ ಹೆಸರಾದದ್ದು, 1994ರಲ್ಲಿ ಕರಡಿಧಾಮವಾಯಿತು. ಅಲ್ಲಿ ಕೌಜುಗ, ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಟಿಟ್ಟಿಭದ ಗೂಡು ಅಂದರೆ ನಾಲ್ಕು ಕಲ್ಲು, ಅದರ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆ, ಅಷ್ಟೇ. ಹಸಿದ ಸಾಕುಬೆಕ್ಕನ್ನು ಅಲ್ಲಿ ಬಿಟ್ಟರೆ ನಿಮ್ಮ ಚಪ್ಪರದ ತೊಂದರೆಯನ್ನು ಗೂಡಿಗೆ ಗೋಡೆಯೇ ಇಲ್ಲದವರ ಮೇಲೆ ಹೇರಿದ ಹಾಗೆ.

ಇಲಿಯ ಮಾತು. ಬೆಕ್ಕು ಒಳಗಿದ್ದರೆ ಮನೆಯೊಳಗಿನ ಸಣ್ಣ ಇಲಿಗೆ ಅದರ ವಾಸನೆಯೇ ಬೆದರಿಕೆ. ಹೆಗ್ಗಣಕ್ಕೆ ಮಾತ್ರ ಹೊರಗಿನ ಬೆಕ್ಕೂ ಏನೂ ಮಾಡುವುದಿಲ್ಲ, ಎಷ್ಟೋ ಬೆಕ್ಕುಗಳು ಹೆಗ್ಗಣ ಕಂಡರೆ ದಾರಿ ಬಿಡುತ್ತವೆ. ಚರಂಡಿ ಬಾಯಿಗೆ ಜಾಲರಿ ಹಾಕಿಸಿ, ಬೋನು ಇಡಿ. ಇಲಿ ಪಾಷಾಣ ಬೇಡ. ಇದನ್ನು ಕಲಿಯಲು ನಾನು ತೆತ್ತ ಬೆಲೆ ದೊಡ್ಡದು. ವರ್ಷಗಳ ಹಿಂದೆ ನಮ್ಮಲ್ಲಿ ಕರಿಯ ಅಂತ ಒಂದು ಗಂಡು ಬೆಕ್ಕಿತ್ತು. ಬೆಕ್ಕು ಅಂದರೆ ತಿರುಗಬೇಕು ಅಂತ ನಾನೂ ಸುಮ್ನೆ ಬಿಟ್ಟಿದ್ದೆ. ಒಂದು ಬೆಳಗ್ಗೆ ಮೂಗಿನಲ್ಲಿ ರಕ್ತ ಸೋರಿಸಿಕೊಂಡು ಬಂತು. ಯಾರೋ ಎಲ್ಲೋ ಇಟ್ಟ ಪಾಷಾಣ ತಿಂದ ಇಲಿಯನ್ನು ಇದು ತಿಂದಿತ್ತು. ಆ ಮದ್ದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ವೈದ್ಯನ ಮನೆಯ ಬೆಕ್ಕೇ ಉಳಿಯಲಿಲ್ಲ. ಮರುವಾರ ಅದು ಮಲಗುತ್ತಿದ್ದ ಕಟ್ಟೆಯ ಕೆಳಗೆ ಗುಬ್ಬಿ ಗರಿಗಳು ಸಿಕ್ಕವು, ಒಂದು ಮುಷ್ಟಿ. ಆಮೇಲೆ ಬಂದ ಬೆಕ್ಕುಗಳೆಲ್ಲ ಒಳಗೇ ಬೆಳೆದವು.

ಎಲ್ಲರೂ ಎಲ್ಲ ಬೆಕ್ಕನ್ನೂ ಜೀವನಪೂರ್ತಿ ಒಳಗಿಡಬೇಕು ಅಂತ ನಾನು ಹೇಳುವುದಿಲ್ಲ. ಗೋದಾಮು, ಕಣಜ ಕಾಯುವ ಹಳ್ಳಿ ಬೆಕ್ಕಿನ ಬದುಕೇ ಬೇರೆ. ನಿಮಗೆ ಈ ಐದು ವಾರ ಮುಗಿದ ಮೇಲೆ ಎರಡು ದಾರಿ ಇದೆ. ಹಿಂದಿನ ವರಾಂಡಕ್ಕೆ ಕೋಳಿ ಜಾಲರಿ ಹೊಡೆಸಿ, ಅಲ್ಲಿ ಕೂತು ಹೊರಗೆ ನೋಡುವ ಹಾಗೆ ಮಾಡುವುದು ಒಂದು. ಸೊಳ್ಳೆ ಪರದೆಯ ನೆಟ್ಟು ಉಗುರಿಗೆ ಎರಡು ದಿನವೂ ತಾಳುವುದಿಲ್ಲ. ಇನ್ನೊಂದು, ಬಿಸಿಲೇರಿದ ಮೇಲೆ ಮಾತ್ರ ಹೊರಗೆ ಬಿಟ್ಟು, ಸಂಜೆ ನಾಲ್ಕರ ಊಟಕ್ಕೆ ಒಳಗೆ ಕರೆದು, ಮರುದಿನ ಹತ್ತರವರೆಗೆ ಬಾಗಿಲು ತೆಗೆಯದಿರುವುದು. ಇದರಲ್ಲಿ ಹಕ್ಕಿಗೆ ಅಪಾಯ ಕಮ್ಮಿಯಾಗುತ್ತದೆ, ಹೋಗುವುದಿಲ್ಲ. ನಾಯಿ, ಗಾಡಿ, ಪಾಷಾಣ ಅಂತೂ ಹಾಗೇ ಇರುತ್ತವೆ. ಫೆಬ್ರವರಿಯಿಂದ ಜೂನ್‌ವರೆಗೆ ನಮ್ಮ ಕಡೆ ಗೂಡು ಜಾಸ್ತಿ. ಆಗ ಮೊದಲನೆಯದೇ ವಾಸಿ. ನನ್ನನ್ನು ಕೇಳಿದರೆ ಜಾಲರಿಗೆ ಒಮ್ಮೆ ಖರ್ಚು ಮಾಡಿ ಮುಗಿಸಿ.

ಬೆಕ್ಕಿನ ಬಾಯಿಂದ ಮತ್ತೊಮ್ಮೆ ಮರಿ ಬಿಡಿಸಿದರೆ, ಗಾಯ ಕಾಣದಿದ್ದರೂ ಕೂಡಲೇ ಪಶುವೈದ್ಯರಿಗೆ ತೋರಿಸಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ, ತೂತು ಗರಿಯೊಳಗೆ ಮುಚ್ಚಿಹೋಗುತ್ತದೆ. ಅದರ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕಿಳಿದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ನಿಮ್ಮ ಮರಿಗೆ ಆದದ್ದು ಬಹುಶಃ ಅದೇ. ಅರಿಶಿನ ಅದಕ್ಕೆ ಸಾಲದು, ಆಂಟಿಬಯೋಟಿಕ್ ಬೇಕು. ಬಾಯಿಗೆ ನೀರು-ಹಾಲು ಹನಿಸಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಬೆಕ್ಕು ಮುಟ್ಟದೆ ಸುಮ್ನೆ ಗೂಡಿನಿಂದ ಬಿದ್ದ ಮರಿಯಾದರೆ ಕೈಯಿಂದಲೇ ಎತ್ತಿ ಗೂಡಿಗಿಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ಸುಳ್ಳು. ಮೋಟು ಬಾಲದ್ದಾದರೆ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ಬನ್ನಿ. ಮನೆಯಲ್ಲಿಟ್ಟು ಸಾಕಲು ಹೋಗಬೇಡಿ. ಅದು ಮರಿಗೂ ಒಳ್ಳೆಯದಲ್ಲ, ವನ್ಯಜೀವಿ ಕಾಯ್ದೆಯೂ ಬಿಡುವುದಿಲ್ಲ.

ಚಿನ್ನಿ ಒಳಗಿದ್ದರೂ ಬೀದಿಯ ಬೆಕ್ಕು ಬರುತ್ತದಲ್ಲ ಅಂತ ಕೇಳುತ್ತೀರಿ. ಬರುತ್ತದೆ. ಚಪ್ಪರದ ಕಂಬಕ್ಕೆ ಬುಡದಿಂದ ಮೇಲಿನವರೆಗೂ ಜಾಲಿ ಮುಳ್ಳು ಸುತ್ತಿ. ರಾಜ್ಯವೆಲ್ಲ ಬಳ್ಳಾರಿ ಜಾಲಿ ಅಂತಲೇ ಕರೆಯುವ ಗಿಡ, ನಿಮ್ಮೂರಲ್ಲಿ ಹುಡುಕಬೇಕಿಲ್ಲ. ಯಾರೂ ಒಳ್ಳೆಯ ಮಾತಾಡದ ಆ ಮರಕ್ಕೆ ಇದೊಂದು ಉಪಕಾರ ಮಾಡಲು ಬಿಡಿ. ಗೂಡನ್ನು ಬೇರೆ ಕಡೆಗೆ ಸಾಗಿಸಬೇಡಿ. ದಿನಕ್ಕೆ ನಾಲ್ಕು ಸಲ ಇಣುಕಿ ಫೋಟೋ ತೆಗೆಯುವುದೂ ಬೇಡ, ಕಾಗೆ ನಿಮ್ಮ ಮುಖ ನೋಡಿ ಗೂಡು ಹುಡುಕುತ್ತದೆ. ಬೇಸಿಗೆಯಲ್ಲಿ ಹಕ್ಕಿಗೆ ಅಂತ ನೀರಿನ ಬೋಗುಣಿ ಇಟ್ಟಿದ್ದರೆ ಅದು ಗಿಡದ ಮರೆಯಲ್ಲಿ, ನೆಲದ ಮೇಲೆ ಇರದಿರಲಿ. ಎದೆಯೆತ್ತರಕ್ಕೆ, ಸುತ್ತ ಐದಾರು ಅಡಿ ಬಯಲಿರುವ ಜಾಗಕ್ಕೆ ಹೋಗಲಿ. ನೀರಿನ ಬೋಗುಣಿಯ ಪಕ್ಕದ ಪಾಟಿನ ಹಿಂದೆ ಬೆಕ್ಕು ಕೂತಿರುವುದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿಲ್ಲ.

ಕೊನೆಗೆ ಸೂರಕ್ಕಿ. ಆ ಗೂಡು ವೈರಿನ ತುದಿಯಲ್ಲಿ ತೂಗುತ್ತದೆ, ಹತ್ತಲು ದಾರಿಯಿಲ್ಲ. ಆದರೆ ಬೆಕ್ಕು ನಿಂತಲ್ಲಿಂದಲೇ ಐದಾರು ಅಡಿ ನೆಗೆಯುತ್ತದೆ. ಗೂಡಿನ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದರೆ ಅದರ ಸೀಟಿನಿಂದ ಇನ್ನೂ ಸುಲಭ. ಯಜಮಾನರಿಗೆ ಹೇಳಿ, ಐದು ವಾರ ಗಾಡಿ ಗೇಟಿನ ಹತ್ತಿರ ನಿಲ್ಲಲಿ. ಅಲ್ಲಿದ್ದ ಕುರ್ಚಿಯನ್ನೂ ಒಳಗೆ ತನ್ನಿ.